ಅಗ್ಗದ ತಕ್ಕಡಿಯಲ್ಲಿ ಗಾಳಿಯ ತೂಕ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಪದವಿ ತರಗತಿಯ ಹುಡುಗ ಹುಡುಗಿಯರು ಸಂಶೋಧನೆ ಮಾಡಬಲ್ಲರೆ? ಅದರಲ್ಲಿಯೂ ಭೂಮಿಯ ಬಿಸಿ ಏರುತ್ತಿರುವಂಥ ದೊಡ್ಡ ವಿಷಯದಲ್ಲಿ, ಕೆಲವು ಸಾವಿರ ರೂಪಾಯಿಯ ಉಪಕರಣ ಹಿಡಿದು ಅವರು ಮಾಡುವ ಅಳತೆಗೆ ಬೆಲೆಯುಂಟೆ? ಉಂಟು ಎಂಬುದೇ ನಮ್ಮ ಉತ್ತರ. ಆದರೆ ಅದಕ್ಕೊಂದು ಕರಾರಿದೆ. ಉಪಕರಣದಲ್ಲಿ ಉಳಿಸಿದ ಹಣವನ್ನು ತಾಳ್ಮೆಯ ರೂಪದಲ್ಲಿ ತೆರಬೇಕು.

ಮೊದಲಿಗೆ, ಅಳೆಯುವುದಾದರೂ ಏಕೆ? ಇದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ ಹಿಡಿದರೆ, ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಭಾರತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಡುತ್ತದೆಂದು 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ಹೊರದೇಶಗಳ ಅಳತೆಯನ್ನು ನಮ್ಮ ಗದ್ದೆಗಳಿಗೆ ಹಚ್ಚಿ ತೆಗೆದ ಲೆಕ್ಕವದು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಮತ್ತು ಸಂಗಡಿಗರು ದೇಶದ ನಾನಾ ಭಾಗಗಳ ಗದ್ದೆಗಳಲ್ಲಿ ಪೆಟ್ಟಿಗೆ ಇಟ್ಟು, ಒಳಗೆ ಸೇರಿದ ಅನಿಲವನ್ನು ಪರೀಕ್ಷಿಸಿ ನೋಡಿದರು. ಬಂದ ಮೊತ್ತ ಸುಮಾರು 40 ಲಕ್ಷ ಟನ್ ಮಾತ್ರ! ಯಾರೂ ಗದ್ದೆಗಿಳಿದು ಅಳೆಯದೆ ಹೋಗಿದ್ದರೆ ಒಂಬತ್ತು ಪಟ್ಟಿನ ಆ ಹೊರೆ ನಮ್ಮ ರೈತನ ತಲೆಯ ಮೇಲೆಯೇ ಉಳಿಯುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಾಣದ ಗಾಳಿಯ ವಿಷಯದಲ್ಲಿ ಈ ಮಾತು ಇಮ್ಮಡಿ ನಿಜ.

ಅದು ರಾಷ್ಟ್ರೀಯ ಪ್ರಯೋಗಾಲಯದ ಕೆಲಸವಾಯಿತು, ವಿದ್ಯಾರ್ಥಿಗೇನು ಪಾತ್ರ ಎಂದು ಕೇಳಬಹುದು. ದೊಡ್ಡ ಮೂಲಗಳನ್ನು ಇಂದು ಉಪಗ್ರಹಗಳೇ ಗುರುತಿಸುತ್ತವೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನಮ್ಮ ಮುಂಬಯಿಯೂ ಸೇರಿ ನಾಲ್ಕು ನಗರಗಳ ಕಸದ ಗುಡ್ಡಗಳಿಂದ ಏಳುವ ಮೀಥೇನನ್ನು ಆಕಾಶದಿಂದಲೇ ಲೆಕ್ಕ ಹಾಕಿತು. ಆದರೆ ಬೀದಿಯ ಗಟಾರ, ಊರ ಕೆರೆ, ಕಾಲೇಜಿನ ಹಿಂದಿನ ಗೊಬ್ಬರದ ಗುಂಡಿ, ಇವು ಅಷ್ಟು ಎತ್ತರದಿಂದ ಬಿಡಿಬಿಡಿಯಾಗಿ ಕಾಣುವುದಿಲ್ಲ. ಇಂಥ ಒಂದೊಂದು ಕಡೆಗೂ ಹಲವು ಲಕ್ಷ ರೂಪಾಯಿಯ ಯಂತ್ರವನ್ನು ಒಯ್ದಿಡುವುದು ಯಾರಿಗೂ ಸಾಧ್ಯವಿಲ್ಲ. ಇಲ್ಲಿಯೇ ಅಗ್ಗದ ಸಂವೇದಕಕ್ಕೆ ಸ್ಥಾನ.

ಅದರ ಒಳಗುಟ್ಟು ಸರಳ. ಕೆಲವು ಅನಿಲಗಳು ಶಾಖದ ಕಿರಣವನ್ನು ಹೀರುತ್ತವೆಂದು ಜಾನ್ ಟಿಂಡಾಲ್ 1859ರಲ್ಲಿ ಲಂಡನ್ನಿನಲ್ಲಿ ಪ್ರಯೋಗ ಮಾಡಿ ತೋರಿಸಿದನು. ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಇಂದಿನ ಸಂವೇದಕದಲ್ಲಿಯೂ ಇರುವುದು ಅದೇ ತತ್ತ್ವ: ಒಂದು ತುದಿಯಲ್ಲಿ ಪುಟ್ಟ ದೀಪ, ಇನ್ನೊಂದು ತುದಿಯಲ್ಲಿ ಅವಕೆಂಪು ಕಿರಣವನ್ನು ಗುರುತಿಸುವ ಕಣ್ಣು, ನಡುವೆ ಗಾಳಿ. ಕಣ್ಣಿಗೆ ತಲಪುವ ಕಿರಣ ಕಡಿಮೆಯಾದಷ್ಟೂ ನಡುವೆ ಇಂಗಾಲದ ಡೈಆಕ್ಸೈಡ್ ಹೆಚ್ಚು.

ಹಾಗಾದರೆ ಇದನ್ನು ನಂಬಬಹುದೆ? ಚಿನಿವಾರನ ತ್ರಾಸು ಬೇರೆ, ಸೌದೆ ಡಿಪೋದ ತಕ್ಕಡಿ ಬೇರೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಅಳತೆ ತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 315 ಪಾಲು ಇತ್ತು. ಈಗ 420ನ್ನು ಮೀರಿದೆ. ವರ್ಷಕ್ಕೆ ಎರಡು ಮೂರು ಪಾಲಿನ ಆ ಏರಿಕೆಯನ್ನು ಹಿಡಿಯಲು ಚಿನಿವಾರನ ತ್ರಾಸೇ ಬೇಕು. ನಮ್ಮ ಅಗ್ಗದ ಸಂವೇದಕ 30, 40 ಪಾಲು ಅತ್ತಿತ್ತ ಹೇಳುವುದುಂಟು. ಆದರೆ ಒಂದು ಪ್ಲಾಸ್ಟಿಕ್ ತೊಟ್ಟಿಯನ್ನು ಮಣ್ಣಿನ ಮೇಲೆ ಬೋರಲಿಟ್ಟು, ಒಳಗೆ ಈ ಸಂವೇದಕವನ್ನಿಟ್ಟರೆ ಕಥೆ ಬೇರೆ. ಅಲ್ಲಿ ನಮಗೆ ಬೇಕಾದದ್ದು ಮೊದಲ ಅಂಕಿಯಲ್ಲ, ನಿಮಿಷ ನಿಮಿಷಕ್ಕೂ ಅದು ಏರುವ ವೇಗ. ಮೊದಲಿನಿಂದ ಕೊನೆಯವರೆಗೂ 30 ಪಾಲು ಹೆಚ್ಚಾಗಿಯೇ ತೋರಿಸುವ ಯಂತ್ರವೂ ಏರಿಕೆಯನ್ನು ಸರಿಯಾಗಿಯೇ ಹೇಳಬಲ್ಲುದು.

ಉದಾಹರಣೆಗೆ ಲೆಕ್ಕ ಹಾಕೋಣ. ತೊಟ್ಟಿ 20 ಲೀಟರಿನದು, ಬಾಯಿಯ ವಿಸ್ತಾರ ಚದರ ಮೀಟರಿನ ಹತ್ತನೆಯ ಒಂದು ಭಾಗ. ಹತ್ತು ನಿಮಿಷದಲ್ಲಿ ಅಂಕಿ 100 ಪಾಲು ಏರಿತೆನ್ನಿ. ಎಂದರೆ 2 ಮಿಲಿಲೀಟರ್ ಅನಿಲ ಬಂತು. ಗಂಟೆಗೆ 12, ಚದರ ಮೀಟರಿಗೆ 120 ಮಿಲಿಲೀಟರ್. ತೂಕದಲ್ಲಿ ಸುಮಾರು 215 ಮಿಲಿಗ್ರಾಂ. ಇಷ್ಟು ಗಣಿತ ಯಾವ ಪದವಿ ವಿದ್ಯಾರ್ಥಿಗೆ ಬಾರದು? ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾನಿಲಯದ ಡೇವಿಡ್ ಬಾಸ್ಟ್‌ವಿಕೆನ್ ಮತ್ತು ಸಂಗಡಿಗರು ಇಂಥ ಅಗ್ಗದ ಸಂವೇದಕವನ್ನು ಪೆಟ್ಟಿಗೆಯೊಳಗಿಟ್ಟು, ನೆಲದ ಮೇಲೂ ನೀರಿನ ಮೇಲೂ ಅಳತೆ ಮಾಡುವ ಕ್ರಮವನ್ನು 2015ರಲ್ಲಿ ಪ್ರಕಟಿಸಿದ್ದಾರೆ.

ಇನ್ನು ತಾಳ್ಮೆಯ ಮಾತು. ಈ ಜಾತಿಯ ಅನೇಕ ಸಂವೇದಕಗಳಲ್ಲಿ ತಮ್ಮನ್ನು ತಾವೇ ತಿದ್ದಿಕೊಳ್ಳುವ ಏರ್ಪಾಡಿದೆ. ಕೆಲವು ದಿನಗಳಲ್ಲಿ ಕಂಡ ಕನಿಷ್ಠ ಅಂಕಿಯನ್ನು ಅವು ಹೊರಗಿನ ಶುದ್ಧ ಗಾಳಿ, ಎಂದರೆ 400 ಪಾಲು, ಎಂದು ಭಾವಿಸುತ್ತವೆ. ಹೊರಗಾಳಿಯನ್ನೇ ಕಾಣದೆ ಪೆಟ್ಟಿಗೆಯೊಳಗೆ ಕುಳಿತ ಸಂವೇದಕವೂ ಹಾಗೆಯೇ ಭಾವಿಸಿ ಸುಳ್ಳು ಹೇಳತೊಡಗುತ್ತದೆ. ಈ ಏರ್ಪಾಡನ್ನು ಮೊದಲೇ ನಿಲ್ಲಿಸಿಡಬೇಕು. ಮೀಥೇನಿನ ಅಗ್ಗದ ಸಂವೇದಕವಂತೂ ಇನ್ನೂ ಚಂಚಲ. ಕಾಯಿಸಿದ ತವರದ ಆಕ್ಸೈಡಿನ ಲೇಪದಿಂದ ಕೆಲಸ ಮಾಡುವ ಅದು ಮೀಥೇನಿಗೆ ಮಾತ್ರವಲ್ಲ, ಅಡುಗೆ ಅನಿಲಕ್ಕೂ ಸಾರಾಯಿಯ ಆವಿಗೂ ಗಾಳಿಯ ತೇವಕ್ಕೂ ಓಗೊಡುತ್ತದೆ. ಮುಂಬಯಿಯ ಮಳೆಗಾಲದಲ್ಲಿ ತೇವ ಏರಿದುದನ್ನೇ ಮೀಥೇನ್ ಏರಿತೆಂದು ಬರೆದುಕೊಂಡರೆ, ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾದೀತು.

ಆದುದರಿಂದ ಚಿನ್ನವನ್ನು ಒರೆಗಲ್ಲಿಗೆ ಹಚ್ಚುವಂತೆ ಯಂತ್ರವನ್ನೂ ಒರೆಗೆ ಹಚ್ಚಬೇಕು. ಪ್ರಮಾಣ ತಿಳಿದ ಅನಿಲವನ್ನು ಅದಕ್ಕೆ ಕೊಟ್ಟು ನೋಡಬೇಕು. ನಾಲ್ಕು ಸಂವೇದಕಗಳನ್ನು ಒಂದು ವಾರ ಅಕ್ಕಪಕ್ಕದಲ್ಲಿಟ್ಟು ಯಾವುದು ಎಷ್ಟು ತಪ್ಪುತ್ತದೆಂದು ಗುರುತಿಸಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಉಷ್ಣತೆಯನ್ನೂ ತೇವವನ್ನೂ ಬರೆಯಬೇಕು. ಸಾಧ್ಯವಾದರೆ ಉತ್ತಮ ಯಂತ್ರವುಳ್ಳ ಸಂಸ್ಥೆಯ ಬಾಗಿಲು ತಟ್ಟಿ, ಕೆಲವು ದಿನ ಅದರ ಮಗ್ಗುಲಲ್ಲಿ ನಮ್ಮದನ್ನು ಇಡಲು ಅನುಮತಿ ಕೇಳಬೇಕು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ 2009ರಲ್ಲಿ ಸಿಂಹಗಡದ ಮೇಲೆ ಈ ಅನಿಲಗಳ ಅಳತೆ ತೊಡಗಿತು. ಇಂಥ ಕೆಲಸ ಬಲ್ಲವರು ನಮಗೆ ದೂರದವರಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಗೆ ಅವಕಾಶವಿತ್ತಿದೆ. ಆ ಅವಕಾಶ ಬರಿಯ ಪ್ರಬಂಧ ಕಟ್ಟಿಸಿ ಕಪಾಟಿಗೆ ಸೇರಿಸುವುದರಲ್ಲಿ ಮುಗಿಯಬಾರದು. ವಿದ್ಯಾರ್ಥಿಗಳೆ, ನಿಮ್ಮ ಬೀದಿಯ ಒಂದು ಗಟಾರವನ್ನೋ ಒಂದು ಗೊಬ್ಬರದ ಗುಂಡಿಯನ್ನೋ ಆರಿಸಿಕೊಳ್ಳಿರಿ. ಒಂದು ವರ್ಷ ಬಿಡದೆ ಅಳೆಯಿರಿ. ಅಂಕಿಯ ಜೊತೆಗೆ ಅದು ಎಷ್ಟು ತಪ್ಪಬಹುದೆಂಬುದನ್ನೂ ಬರೆಯಿರಿ; ನಿರೀಕ್ಷಿಸಿದ್ದು ಸಿಗದಿದ್ದರೆ ಅದನ್ನೂ ಮರೆಮಾಚದೆ ಬರೆಯಿರಿ. ಕನ್ನಡದಲ್ಲಿಯೂ ಒಂದು ಪ್ರತಿ ಬರೆದು ಈ ವಾಚನಾಲಯದ ಮೇಜಿನ ಮೇಲಿಟ್ಟರೆ ನಮ್ಮ ಹಿರಿಯರೂ ಓದಿಯಾರು. ನಾಳೆ ಯಾರಾದರೂ ನಮ್ಮ ಊರಿನ ಗಾಳಿಯ ಲೆಕ್ಕವನ್ನು ದೂರದಲ್ಲಿ ಕುಳಿತು ಬರೆದರೆ, ಸರಿಯೋ ತಪ್ಪೋ ಎಂದು ಹೇಳಲು ನಮ್ಮ ಕೈಯಲ್ಲಿಯೂ ಒಂದು ಪುಸ್ತಕವಿರಲಿ.