ಮಾದಾಪುರದ ಗಂಟೆ ಲೆಕ್ಕ

2025ರ ಜುಲೈ 5ರಂದು ತೆಲಂಗಾಣ ಸರ್ಕಾರ ಒಂದು ಆದೇಶ ಹೊರಡಿಸಿತು. ವಾಣಿಜ್ಯ ಸಂಸ್ಥೆಗಳು ದಿನಕ್ಕೆ 10 ಗಂಟೆಯವರೆಗೆ ದುಡಿಸಿಕೊಳ್ಳಬಹುದು. ವಾರಕ್ಕೆ 48 ಗಂಟೆ ದಾಟಿದರೆ ಓವರ್‌ಟೈಮ್ ಕೊಡಬೇಕು. ಆರು ಗಂಟೆ ಕೆಲಸವಾದ ಮೇಲೆ ಅರ್ಧ ಗಂಟೆ ಬಿಡುವು ಇರಬೇಕು. ಹೈದರಾಬಾದಿನ ಮಾದಾಪುರದ ಐಟಿ ಕಂಪನಿಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದ ಸಾವಿರಾರು ಕನ್ನಡದ ಮಕ್ಕಳು ದುಡಿಯುತ್ತಿದ್ದಾರೆ. ಅವರಲ್ಲಿ ಯಾರನ್ನಾದರೂ 'ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀಯಪ್ಪ?' ಎಂದು ಕೇಳಿ ನೋಡಿ. ಥಟ್ಟನೆ ಉತ್ತರ ಬರುವುದಿಲ್ಲ. ಆಫೀಸಿನಲ್ಲಿ ಕಳೆದದ್ದನ್ನು ಹೇಳಬೇಕೋ, ಊಟ ಮಾಡಿ ಮತ್ತೆ ಲ್ಯಾಪ್‌ಟಾಪ್ ತೆರೆದದ್ದನ್ನೂ ಸೇರಿಸಬೇಕೋ ಎಂದು ಅವರೇ ಯೋಚನೆಗೆ ಬೀಳುತ್ತಾರೆ. ದುಡಿದವನಿಗೇ ತನ್ನ ಗಂಟೆಗಳ ಲೆಕ್ಕ ಗೊತ್ತಿಲ್ಲ ಎನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಸಂಗತಿ.

ಆ 48ರ ಅಂಕಿ ನಮ್ಮ ಕೈಗೆ ಬಂದ ದಾರಿ ಉದ್ದವಾದದ್ದು. 1881ರಲ್ಲಿ ಬ್ರಿಟಿಷ್ ಇಂಡಿಯಾದ ಮೊದಲ ಕಾರ್ಖಾನೆ ಕಾಯ್ದೆ ಬಂದಾಗ ಅದರಲ್ಲಿ ದೊಡ್ಡವರ ಮಾತೇ ಇರಲಿಲ್ಲ. ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು, ಹನ್ನೆರಡರೊಳಗಿನ ಮಕ್ಕಳಿಂದ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೇ ಅದರ ತಿರುಳು. ಗಂಡಸರು, ಹೆಂಗಸರು ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ದುಡಿಯುತ್ತಿದ್ದರು. ವಾರದ ರಜೆ ಎಂಬುದೂ ಇರಲಿಲ್ಲ. ಮುಂಬಯಿಯಲ್ಲಿ ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಕೂಡಿಸಿ, ಐದು ಸಾವಿರಕ್ಕೂ ಮಿಕ್ಕಿದ ಜನರ ಸಹಿಯೊಂದಿಗೆ ಭಾನುವಾರದ ರಜೆ ಕೇಳಿದರು. ಗಿರಣಿ ಮಾಲೀಕರು ಅದಕ್ಕೆ ಒಪ್ಪಿದ್ದು ಆರು ವರ್ಷ ಬಿಟ್ಟು, 1890ರ ಜೂನ್ 10ರಂದು. ಇವತ್ತು ನಾವು ಹುಟ್ಟಿನಿಂದಲೇ ಬಂದ ಹಕ್ಕಿನಂತೆ ಮಲಗಿ ಕಳೆಯುವ ಭಾನುವಾರದ ಹಿಂದೆ ಆ ಸಹಿಗಳಿವೆ.

ಅಷ್ಟರಲ್ಲಿ ಗಿರಣಿಗೆ ವಿದ್ಯುತ್ ದೀಪ ಬಂತು. ಈ ಘಟ್ಟದಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸುತ್ತಿದ್ದವನು ಸೂರ್ಯ. ನೂಲು ಕಾಣದಿದ್ದರೆ ಮಗ್ಗ ನಡೆಯುವುದಿಲ್ಲ, ಆದ್ದರಿಂದ ಮಾಲೀಕನೂ ಕತ್ತಲಿಗೆ ತಲೆಬಾಗಬೇಕಿತ್ತು. ಬಲ್ಬು ಆ ಮಿತಿಯನ್ನು ತೆಗೆದುಹಾಕಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಬಟ್ಟೆಗೆ ಬೇಡಿಕೆ ಏರಿದಾಗ, ಮುಂಬಯಿಯ ಗಿರಣಿಗಳಲ್ಲಿ ಕೆಲಸದ ದಿನ ಹದಿನಾಲ್ಕು, ಹದಿನೈದು ಗಂಟೆಗೆ ಹಿಗ್ಗಿತು. ಕಾರ್ಮಿಕರು ಸಿಡಿದೆದ್ದರು, ಸರ್ಕಾರ ಸಮಿತಿ ನೇಮಿಸಿತು, ಆಮೇಲೆ ಆಯೋಗ ನೇಮಿಸಿತು. ಕೊನೆಗೆ 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ಮೊಟ್ಟಮೊದಲ ಬಾರಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. ಯಂತ್ರ ಒಂದು ಹೆಜ್ಜೆ ಮುಂದೆ ಹೋಗಿ ಮನುಷ್ಯನ ಹೊತ್ತನ್ನು ನುಂಗಿತ್ತು. ಕಾನೂನು ಅದನ್ನು ಹಿಂಬಾಲಿಸಲು ವರ್ಷಗಳನ್ನೇ ತೆಗೆದುಕೊಂಡಿತು.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲ ಒಡಂಬಡಿಕೆಯಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಬರೆಯಿತು. ಅದೇ ಕಾಗದದಲ್ಲಿ ಇಂಡಿಯಾಕ್ಕೆ 60 ಎಂದು ಬರೆದರು. ಹಾಗಾಗಿ ನಮ್ಮ 1922ರ ಕಾಯ್ದೆ 60 ಎಂದಿತು, 1934ರದು 54ಕ್ಕೆ ಇಳಿಸಿತು. 48ಕ್ಕೆ ಬಂದದ್ದು 1946ರ ತಿದ್ದುಪಡಿಯಿಂದ. ಆ ಮಸೂದೆಯನ್ನು ಮಂಡಿಸಿದವರು ವೈಸ್‌ರಾಯ್ ಕಾರ್ಯಾಂಗ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಅಲ್ಲಿಗೆ ಆ ಅಂಕಿ ನಿಂತುಬಿಟ್ಟಿತು. ಎಂಬತ್ತು ವರ್ಷವಾಗುತ್ತ ಬಂದರೂ ಕೆಳಗಿಳಿದಿಲ್ಲ.

ಯುರೋಪಿನಲ್ಲಿ ಅದು ಇಳಿಯುತ್ತಲೇ ಹೋಯಿತು. ನೆದರ್ಲೆಂಡ್ಸ್‌ನ ಉದಾಹರಣೆ ಹೇಳುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ನಿರುದ್ಯೋಗ ವಿಪರೀತವಾಗಿತ್ತು. 1982ರ ನವೆಂಬರಿನಲ್ಲಿ ವಾಸೆನಾರ್ ಎಂಬ ಊರಿನಲ್ಲಿ ಕಾರ್ಮಿಕ ಸಂಘದ ಪರವಾಗಿ ವಿಮ್ ಕಾಕ್, ಉದ್ಯಮಿಗಳ ಪರವಾಗಿ ಕ್ರಿಸ್ ವಾನ್ ವೇನ್ ಒಂದು ಒಪ್ಪಂದಕ್ಕೆ ಬಂದರು. ಸಂಬಳ ಏರಿಸಿ ಎಂದು ಹಟ ಹಿಡಿಯುವುದಿಲ್ಲ, ಬದಲಿಗೆ ಗಂಟೆ ಇಳಿಸಿ, ಉಳಿದ ಕೆಲಸವನ್ನು ಇನ್ನಷ್ಟು ಜನರಿಗೆ ಹಂಚಿ ಎಂಬುದು ಸಂಘದ ಮಾತು. 40 ಗಂಟೆಯ ವಾರ 38ಕ್ಕೆ ಬಂತು, ಮುಂದೆ ಹಲವು ಉದ್ಯಮಗಳಲ್ಲಿ 36ಕ್ಕೆ. 2000ನೇ ಇಸವಿಯ ಒಂದು ಕಾನೂನು, ನೌಕರ ತನ್ನ ಗಂಟೆಯನ್ನು ಕಡಿಮೆ ಮಾಡಿ ಎಂದು ಕೇಳಿದರೆ ಗಟ್ಟಿ ಕಾರಣವಿಲ್ಲದೆ ಮಾಲೀಕ ಇಲ್ಲವೆನ್ನುವಂತಿಲ್ಲ ಎಂದಿತು. ಈಗ ಅಲ್ಲಿ ವಾರದ ಸರಾಸರಿ ದುಡಿಮೆ ಸುಮಾರು 32 ಗಂಟೆ. ಅದನ್ನು ನಾನು ಸ್ವರ್ಗವೆಂದು ಹೊಗಳುವುದಿಲ್ಲ. ಅರೆಕಾಲದ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದಿದೆ, ಅವರ ಆದಾಯವೂ ಪಿಂಚಣಿಯೂ ಅದಕ್ಕೆ ತಕ್ಕಂತೆ ಸಣ್ಣದಾಗಿವೆ. ಈ ವಿಷಯದಲ್ಲಿ ಐಸ್‌ಲ್ಯಾಂಡಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. 2015ರಿಂದ 2019ರವರೆಗೆ ಅಲ್ಲಿ ಸುಮಾರು 2,500 ಸರ್ಕಾರಿ ನೌಕರರು ಸಂಬಳದಲ್ಲಿ ಕಾಸೂ ಕಡಿಮೆಯಾಗದೆ 35, 36 ಗಂಟೆ ದುಡಿದರು. ಕೆಲಸವೇನೂ ಕೆಡಲಿಲ್ಲ.

ಈಗ ಮಾದಾಪುರಕ್ಕೆ ಬರೋಣ. ಬಂಡೆಗಳ ನಡುವಿನ ಈ ಹಳ್ಳಿಯ ಚಹರೆ ಬದಲಾದದ್ದು 1998ರ ನವೆಂಬರ್ 22ರಂದು ಪ್ರಧಾನಿ ವಾಜಪೇಯಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡವನ್ನು ಉದ್ಘಾಟಿಸಿದ ಮೇಲೆ. ಇಲ್ಲಿನ ಕೆಲಸ ನಡೆಯುವುದು ದೂರದೇಶದ ಗಡಿಯಾರದ ಮೇಲೆ. ಆಮ್‌ಸ್ಟರ್‌ಡ್ಯಾಮ್ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ನ್ಯೂಯಾರ್ಕ್ ಹತ್ತೂವರೆ ಗಂಟೆ ಹಿಂದೆ. ಆಮ್‌ಸ್ಟರ್‌ಡ್ಯಾಮಿನವರು ಸಂಜೆ ಐದಕ್ಕೆ ಸರಿಯಾಗಿ ಎದ್ದು ಮಕ್ಕಳನ್ನು ಕರೆತರಲು ಹೊರಟರೆ ಮಾದಾಪುರದಲ್ಲಿ ರಾತ್ರಿ ಒಂಬತ್ತೂವರೆ. ಅವರು ಹೊರಡುವ ಮುನ್ನ ಹೇಳಿದ ಕೆಲಸ ಅವರು ಮರುದಿನ ಬರುವಷ್ಟರಲ್ಲಿ ಮುಗಿದಿರಬೇಕು. ಇಲ್ಲಿನ ಅಯ್ಯಪ್ಪ ಸೊಸೈಟಿ ಬಡಾವಣೆಯ ಪಿಜಿಗಳಲ್ಲಿ ಆ ಹೊತ್ತಿಗೆ ಎಷ್ಟೋ ಮಂಚಗಳ ಮೇಲೆ ಲ್ಯಾಪ್‌ಟಾಪ್ ತೆರೆದಿರುತ್ತದೆ. ಅಂದು ಗಿರಣಿಗೆ ಬಲ್ಬು ಮಾಡಿದ್ದನ್ನೇ ಇಂದು ಈ ಲ್ಯಾಪ್‌ಟಾಪ್ ಮಾಡಿದೆ. ಮನೆ ಎಂಬ ಕೊನೆಯ ಗಡಿಯನ್ನೂ ಅಳಿಸಿದೆ.

ಬೆಂಗಳೂರಿನ ಕಥೆಯೂ ಬೇರೆಯಲ್ಲ. 2023ರಲ್ಲಿ ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅವರ ಸಾಧನೆಗೆ ಗೌರವವಿದೆ, ಈ ಮಾತನ್ನು ಮಾತ್ರ ನಾನು ಒಪ್ಪಲಾರೆ. ತಾನು ಕಟ್ಟಿದ ಕಂಪನಿಗಾಗಿ ನಿದ್ದೆಗೆಡುವವರಿಗೂ ಮತ್ತೊಬ್ಬರ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುವವರಿಗೂ ಒಂದೇ ಅಳತೆ ಹಿಡಿಯಲಾಗದು. 2024ರಲ್ಲಿ ಕರ್ನಾಟಕದಲ್ಲಿ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. ಆ ಪ್ರಸ್ತಾಪ ಕಾನೂನಾಗಲಿಲ್ಲ.

ಹಾಗಾದರೆ ಮಾದಾಪುರದಲ್ಲಿ ಮೊದಲು ಏನಾಗಬೇಕು? ನಾಳೆಯೇ ನಾಲ್ಕು ದಿನದ ವಾರ ಕೊಡಿ ಎಂದು ನಾನು ಕೇಳುವುದಿಲ್ಲ. ಗಂಟೆಗಳನ್ನು ನಿಜವಾಗಿ ಎಣಿಸಿರಿ ಎನ್ನುತ್ತೇನೆ. ಟೈಮ್‌ಶೀಟ್ ಇದೆಯಲ್ಲ ಎನ್ನಬಹುದು. ಅದು ಗ್ರಾಹಕರಿಗೆ ಬಿಲ್ ಮಾಡಲು ಇರುವ ಹಾಳೆ. ಎಷ್ಟೋ ಕಡೆ ಹುಡುಗರು ಹನ್ನೊಂದು ಗಂಟೆ ದುಡಿದರೂ ಅದರಲ್ಲಿ ಎಂಟೆಂದೇ ತುಂಬುತ್ತಾರೆ. ಗೇಟಿನ ಕಾರ್ಡಿಗೆ ಒಳಗೆ ಬಂದದ್ದು, ಹೊರಗೆ ಹೋದದ್ದು ಗೊತ್ತು, ರಾತ್ರಿಯ ಕರೆ ಗೊತ್ತಿಲ್ಲ. ಎಣಿಕೆಯೇ ಇಲ್ಲದಿದ್ದರೆ 48 ದಾಟಿತೆಂದು ತೋರಿಸುವುದು ಹೇಗೆ, ಓವರ್‌ಟೈಮ್ ಕೇಳುವುದು ಯಾವ ಆಧಾರದ ಮೇಲೆ?

2019ರ ಮೇ 14ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಸ್ಪೇನಿನ ಒಂದು ಕಾರ್ಮಿಕ ಸಂಘ ಹೂಡಿದ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು: ಪ್ರತಿಯೊಬ್ಬ ನೌಕರನ ದಿನದಿನದ ದುಡಿಮೆಯನ್ನು ಅಳೆಯುವ ವ್ಯವಸ್ಥೆಯನ್ನು ಮಾಲೀಕನೇ ಮಾಡಬೇಕು, ಇಲ್ಲದಿದ್ದರೆ ಗಂಟೆಯ ಮಿತಿ ಬರೀ ಕಾಗದದ ಮೇಲೆ ಉಳಿಯುತ್ತದೆ ಎಂದು. ತೆಲಂಗಾಣದ ಕಾರ್ಮಿಕ ಇಲಾಖೆ ತನ್ನ ಆದೇಶದ ಜೊತೆಗೆ ಇಂಥದೊಂದು ನಿಯಮವನ್ನು ತರಬೇಕು. ರಾತ್ರಿಯ ಕರೆಯೂ ಅದರಲ್ಲಿ ದಾಖಲಾಗಲಿ, ತಿಂಗಳಿಗೊಮ್ಮೆ ಆ ಲೆಕ್ಕ ಸಂಬಳದ ಚೀಟಿಯ ಜೊತೆಗೇ ನೌಕರನ ಕೈ ಸೇರಲಿ. ಆ ಗಾಜಿನ ಕಟ್ಟಡಗಳ ಬಾಗಿಲಲ್ಲಿ ಹನ್ನೆರಡು ಗಂಟೆಯ ಪಾಳಿ ನಿಲ್ಲುವ ಕಾವಲುಗಾರರು, ಬೆಳಗಿನ ಜಾವ ನೆಲ ಒರೆಸುವ ಹೆಂಗಸರು, ರಾತ್ರಿ ಕ್ಯಾಬ್ ಓಡಿಸುವ ಚಾಲಕರು ಗುತ್ತಿಗೆಯವರೆಂಬ ಕಾರಣಕ್ಕೆ ಈ ಎಣಿಕೆಯಿಂದ ಹೊರಗೆ ಉಳಿಯಬಾರದು. ನಿಜ ಹೇಳಬೇಕೆಂದರೆ, ಎಣಿಕೆ ಅವರಿಂದಲೇ ಶುರುವಾಗಬೇಕು.