ಮೌನವೇ ಒಪ್ಪಿಗೆಯಾಗುವ ಸಭೆ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿಗಳು ಒಂದೊಂದು ದೇಶದ ಹೆಸರು ಹೊತ್ತು, ಮೇಜಿನ ಸುತ್ತ ಕುಳಿತು, ಲೋಕದ ವ್ಯವಹಾರ ನಡೆಸುವ ಅಣಕು ಸಭೆಗಳನ್ನು ನೀವು ಕೇಳಿ ಬಲ್ಲಿರಿ. ವಿಶ್ವಸಂಸ್ಥೆಯ ಅಣಕು ಸಭೆಯ ಜೊತೆಗೆ ನ್ಯಾಟೋ ಎಂಬ ಸೇನಾಕೂಟದ ಅಣಕು ಸಭೆಯೂ ನಡೆಯುವುದುಂಟು. ಭಾರತ ಆ ಕೂಟದಲ್ಲಿಲ್ಲ. ಹಾಗಿರುವಾಗ ನಮ್ಮ ಮಕ್ಕಳು ಅಲ್ಲಿ ಕಲಿಯುವುದೇನು ಎಂದು ಕೆಲವರು ಕೇಳುತ್ತಾರೆ. ಕಲಿಯುವುದು ಬೇಕಾದಷ್ಟಿದೆ ಎಂಬುದು ನಮ್ಮ ಉತ್ತರ. ಆದರೆ ಆಟ ನಿಜದ ನಿಯಮದಂತೆ ನಡೆಯಬೇಕು.

ಈ ಕೂಟ ಹುಟ್ಟಿದ್ದು 1949ರ ಏಪ್ರಿಲ್ 4ರಂದು, ವಾಷಿಂಗ್ಟನ್ನಿನಲ್ಲಿ, 12 ದೇಶಗಳ ಸಹಿಯಿಂದ. ಇಂದು ಅದರಲ್ಲಿ 32 ದೇಶಗಳಿವೆ. ಬ್ರಸೆಲ್ಸ್ ನಗರದಲ್ಲಿ ಕೂಡುವ ಅದರ ಮಂಡಲಿಯಲ್ಲಿ ಕೈ ಎತ್ತಿಸಿ ಮತ ಎಣಿಸುವ ಕ್ರಮವಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ನಿರ್ಣಯ. ಬಲಾಢ್ಯ ಅಮೆರಿಕವೂ ಬೇಕು, ಸ್ವಂತ ಸೈನ್ಯವೇ ಇಲ್ಲದ ಐಸ್‌ಲೆಂಡೂ ಬೇಕು. ಎಷ್ಟೋ ವೇಳೆ ಕರಡನ್ನು ಹಂಚಿ ಒಂದು ಗಡುವು ಕೊಡುತ್ತಾರೆ. ಅಷ್ಟರೊಳಗೆ ಯಾರೂ ಆಕ್ಷೇಪಣೆ ಎತ್ತದಿದ್ದರೆ ಎಲ್ಲರೂ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಮದುವೆ ಮಾತುಕತೆಯಲ್ಲಿ ಆಡುವ ಮಾತು ಅಲ್ಲಿ ಸೇನಾಕೂಟದ ಪದ್ಧತಿಯಾಗಿದೆ!

ಒಂದು ದೇಶ ಬೇಡವೆಂದರೆ ಏನಾಗುತ್ತದೆ? ಸ್ವೀಡನ್ ದೇಶ 2022ರ ಮೇ ತಿಂಗಳಲ್ಲಿ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ತುರ್ಕಿ ಮತ್ತು ಹಂಗೆರಿಗಳು ಒಪ್ಪಿಗೆಯನ್ನು ತಡೆದವು. ಸ್ವೀಡನ್ ಒಳಗೆ ಬಂದದ್ದು 2024ರ ಮಾರ್ಚ್ 7ರಂದು.

ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ದಾಳಿ ಎಂಬುದು ಒಪ್ಪಂದದ 5ನೆಯ ವಿಧಿ. ಸಂಘ ಕಟ್ಟಿದ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮುಂದಿನ ಸಾಲನ್ನೂ ಓದಬೇಕು: ಪ್ರತಿ ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳಬೇಕು ಎಂದಷ್ಟೇ ಅಲ್ಲಿದೆ. ಈ ವಿಧಿಯನ್ನು ಜಾರಿಗೆ ತಂದದ್ದು ಒಂದೇ ಬಾರಿ, 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿಯಾದ ಮೇಲೆ. 2003ರಲ್ಲಿ ಅಫ್ಘಾನಿಸ್ತಾನದ ಅಂತರರಾಷ್ಟ್ರೀಯ ಪಡೆಯ ನಾಯಕತ್ವ ಕೂಟದ ಕೈಗೆ ಬಂತು. ಅದರ ಸೈನಿಕರು ಪೂರ್ತಿ ಹಿಂದಿರುಗಿದ್ದು 2021ರಲ್ಲಿ. ಮಂಡಲಿಯ ಮೇಜಿನ ಸುತ್ತ ಅಫ್ಘಾನಿಸ್ತಾನಕ್ಕೆ ಕುರ್ಚಿಯಿರಲಿಲ್ಲ.

ಇನ್ನು ಹಣದ ಮಾತು. ದೇಶದ ಒಟ್ಟು ಉತ್ಪನ್ನದ ನೂರಕ್ಕೆ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡಬೇಕೆಂದು 2014ರಲ್ಲಿ ಗುರಿಯಿಟ್ಟರು. 2025ರಲ್ಲಿ ಹೇಗ್ ನಗರದ ಸಮ್ಮೇಳನ ಅದನ್ನು ನೂರಕ್ಕೆ 5 ಎಂದಿತು, ಗಡುವು 2035. ಅಣಕು ಸಭೆಯಲ್ಲಿ ಹುಡುಗನೊಬ್ಬ ಒಂದೇ ಉಸಿರಿಗೆ "ಒಪ್ಪಿಗೆ" ಎಂದುಬಿಡಬಹುದು. ಯಾವ ಬಾಬಿನಿಂದ ಕಡಿದು ಯಾವ ಬಾಬಿಗೆ ಬರೆಯುವೆ ಎಂದು ಅವನನ್ನು ಕೇಳಬೇಕು. ಅಂಗಡಿಯ ಲೆಕ್ಕ ಬರೆದ ನಿಮಗೆ ಈ ಪ್ರಶ್ನೆಯ ತೂಕ ಗೊತ್ತು.

ಆದುದರಿಂದ ಇಂಥ ಸಭೆ ನಡೆಸುವ ಅಧ್ಯಾಪಕರಲ್ಲಿ ನಮ್ಮ ಬಿನ್ನಹ ಮೂರು. ಕೈ ಎತ್ತಿಸಬೇಡಿ, ಮೌನದ ಗಡುವನ್ನೇ ಇಡಿ. ಪ್ರತಿನಿಧಿಯಿಂದ ಖರ್ಚಿನ ಲೆಕ್ಕ ಕೇಳಿ. ಯಾರ ನೆಲದಲ್ಲಿ ಯುದ್ಧ ನಡೆಯಲಿದೆಯೋ ಅವರ ಹೆಸರಿನಲ್ಲಿ ಒಂದು ಖಾಲಿ ಕುರ್ಚಿ ಹಾಕಿ.

ಮಿತ್ರರೇ, ಮಾತನಾಡದಿರುವುದೂ ಒಂದು ಮತವೇ. ಗಡುವು ಮುಗಿಯುವ ಮುನ್ನ "ನಮಗೆ ಒಪ್ಪಿಗೆಯಿಲ್ಲ" ಎಂದು ಬರೆದುಕೊಡಲು ಕಲಿತ ಹುಡುಗಿ ನಾಳೆ ಪುರಸಭೆಯಲ್ಲಿಯೂ ಗಿರಣಿಯ ಬಾಗಿಲಲ್ಲಿಯೂ ಸುಮ್ಮನಿರಲಾರಳು. ಆ ಪಾಠಕ್ಕಾಗಿ ನಮ್ಮ ಮಕ್ಕಳು ಈ ಆಟ ಆಡಲಿ.