ಸಾಲಿನ ಕೊನೆಯ ವಿಚಾರ



ತಾಳೆಗರಿಯ ಲಿಪಿಕಾರನಿಗೆ ಸಾಲಿನ ಕೊನೆಯೆಂಬುದು ಗರಿಯ ಅಂಚೇ ಆಗಿದ್ದಿತು. ಪದವು ಅರ್ಧದಲ್ಲಿದ್ದರೂ ಅಂಚು ಬಂದೊಡನೆ ಲೇಖನಿಯು ಕೆಳಗಿಳಿಯುತ್ತಿದ್ದಿತು. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದರು. ಅಂದು ಗರಿಯಿಂದ ಕಾಗದಕ್ಕೆ ಬಂದ ವಚನಗಳು ಇಂದು ಕಾಗದದಿಂದ ಗಣಕಯಂತ್ರಕ್ಕೆ ಏರಿರುವುವು.

ಗಣಕದಲ್ಲಿ ಸಾಲಿಗೆ ಅಂಚಿಲ್ಲ. ಕಡತವೆಂಬುದು ಒಂದೇ ಎಳೆಯ ಸಂಖ್ಯಾಮಾಲೆಯಾದ ಕಾರಣ, ಸಾಲು ಮುಗಿಯಿತೆಂಬುದನ್ನೂ ಸಂಖ್ಯೆಯೇ ಹೇಳಬೇಕು. ಪೂರ್ವದ ಟೆಲಿಪ್ರಿಂಟರಿನಲ್ಲಿ ಅಚ್ಚಿನ ಗಾಡಿಯನ್ನು ಎಡಕ್ಕೆ ಮರಳಿಸುವ ಆಜ್ಞೆ ಬೇರೆ, ಕಾಗದವನ್ನು ಒಂದು ಸಾಲು ಸರಿಸುವ ಆಜ್ಞೆ ಬೇರೆ. ಮೊದಲನೆಯದರ ಸಂಖ್ಯೆ 13, ಎರಡನೆಯದರದು 10. ಡಾಸ್ ಸಂಪ್ರದಾಯವನ್ನು ಹಿಡಿದ ವಿಂಡೋಸ್ ಇವೆರಡನ್ನೂ ಬರೆಯುವುದು. ಯುನಿಕ್ಸ್, ಲಿನಕ್ಸ್‌ಗಳಿಗೆ 10 ಒಂದೇ ಸಾಕು. ಹಳೆಯ ಮ್ಯಾಕಿಂಟಾಷ್ 13 ಒಂದನ್ನೇ ಬರೆಯುತ್ತಿದ್ದು, 2001ರ ಹೊಸ ವ್ಯವಸ್ಥೆಯಿಂದ ಅದೂ 10ನ್ನು ಅಂಗೀಕರಿಸಿತು. ಬ್ಯಾಡಗಿಯ ಮೆಣಸಿನಕಾಯಿಯ ಚೀಲಕ್ಕೆ ಒಬ್ಬನು ಒಂದು ಹೊಲಿಗೆ, ಮತ್ತೊಬ್ಬನು ಎರಡು ಹೊಲಿಗೆ ಹಾಕಿದಂತೆ. ಒಳಗಿನ ಕಾಯಿ ಒಂದೇ.

ಹಾಗಾದರೆ ಹಾನಿಯೇನು? ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿ ಇರಿಸಿದನು. ಅವನ ವಚನಗಳನ್ನು ರಾಣೆಬೆನ್ನೂರಿನ ವಿಂಡೋಸ್ ಯಂತ್ರದಲ್ಲಿ ಬರೆದು, ಹಾವೇರಿಯ ಲಿನಕ್ಸ್ ಯಂತ್ರದಲ್ಲಿ 'ಚೌಡಯ್ಯ ಎಂದು ಮುಗಿಯುವ ಸಾಲುಗಳಾವುವು' ಎಂದು ಹುಡುಕಿದರೆ ಒಂದೂ ದೊರೆಯದಿರಬಹುದು. ಕಣ್ಣಿಗೆ ಕಾಣದ 13 ಅಂಕಿತದ ಹಿಂದೆ ಕುಳಿತಿರುವುದು! ಎರಡು ಪ್ರತಿಗಳನ್ನು ಹೋಲಿಸಿದರೆ ಸಾಲುಸಾಲೂ ಬೇರೆಯೆಂದು ಯಂತ್ರವು ಹೇಳುವುದು. ನಿಜವಾದ ಪಾಠಾಂತರವೊಂದು ಆ ರಾಶಿಯಲ್ಲಿ ಅಡಗಿಹೋಗುವುದು. ಇದಕ್ಕಿಂತಲೂ ಕ್ರೂರವಾದುದು ಮತ್ತೊಂದು. ವಿಂಡೋಸಿನ ನೋಟ್‌ಪ್ಯಾಡ್ 2018ರವರೆಗೆ ಒಂಟಿ 10ನ್ನು ಸಾಲಿನ ಕೊನೆಯೆಂದು ಒಪ್ಪುತ್ತಿರಲಿಲ್ಲವಾದ್ದರಿಂದ, ನೂರು ವಚನಗಳು ಒಂದೇ ಸಾಲಾಗಿ ತೋರುತ್ತಿದ್ದುವು. ಅದನ್ನು ಕಂಡು ಬೆದರಿ ಊಹೆಯಿಂದ ಸಾಲು ಮುರಿಯಹೊರಟವನು ತಾನೇ ಹೊಸ ಪಾಠವನ್ನು ಸೃಷ್ಟಿಸಿದಂತಾಯಿತು.

ಗರಿಗಳ ಛಾಯಾಚಿತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚಿತ್ರದೊಳಗಣ 10 ಸಾಲಿನ ಕೊನೆಯಲ್ಲ, ಬಣ್ಣದ ಲೆಕ್ಕ. ಬರಹದ ಕಡತವೆಂದು ಭ್ರಮಿಸಿ ಸಾಗಿಸಿದರೆ ಯಂತ್ರವು ಅದರ ಹಿಂದೆ 13ನ್ನು ಸೇರಿಸುವುದು, ಚಿತ್ರ ಕೆಡುವುದು. ಪಿಎನ್‌ಜಿ ಚಿತ್ರಪದ್ಧತಿಯನ್ನು ರಚಿಸಿದವರು ಇದನ್ನು ಮುಂಗಂಡು, ಪ್ರತಿ ಚಿತ್ರದ ಮೊದಲ ಎಂಟು ಸಂಖ್ಯೆಗಳಲ್ಲಿಯೇ 13, 10, 26, 10 ಎಂದಿರಿಸಿರುವರು. ಇವು ಬದಲಾಗಿದ್ದರೆ ಕೇಡು ಆರಂಭದಲ್ಲಿಯೇ ಬಯಲಾಗುವುದು. ಬಹು ಜಾಣತನದ ಏರ್ಪಾಡು.

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ 128ಕ್ಕೆ ಕಡಿಮೆಯಿಲ್ಲದ ಮೂರು ಸಂಖ್ಯೆಗಳಿಂದಾದುದರಿಂದ, ಸಾಲಿನ ಕೊನೆಯನ್ನು ತಿದ್ದಿದರೂ ಅಕ್ಷರಕ್ಕೆ ಊನವಿಲ್ಲ. ಯುಟಿಎಫ್-16ರಲ್ಲಿ ಹಾಗಲ್ಲ, ಅಲ್ಲಿ ಸಂಖ್ಯೆಗಳು ಜೋಡಿಜೋಡಿಯಾಗಿ ನಡೆಯುವುವು, ಒಂದು ನಡುವೆ ನುಗ್ಗಿದರೆ ಮುಂದಿನದೆಲ್ಲ ತಪ್ಪುವುದು.

ಆದುದರಿಂದ ಮೂಲಪ್ರತಿಯನ್ನು ಮುಟ್ಟದೆ ಇಡತಕ್ಕದ್ದು. ನಕಲಿನ ಮೇಲೆ ಡಾಸ್‌ಟುಯುನಿಕ್ಸ್ ಎಂಬ ಸಾಧನವನ್ನು ನಡೆಸಿ, ಮೊದಲಿನ ಮತ್ತು ಬಳಿಕದ ವಚನಗಳ ಎಣಿಕೆ ಹೊಂದುವುದೇ ಎಂದು ನೋಡಬೇಕು. ಯಾವ ದಿನ, ಯಾವ ಯಂತ್ರದಿಂದ ಯಾವುದಕ್ಕೆ ಕಡತವು ಹೋಯಿತೆಂಬ ಟಿಪ್ಪಣಿಯನ್ನು ಅದೇ ಕಪಾಟಿನ ವಹಿಯಲ್ಲಿ ಬರೆದಿಡಬೇಕು.